ಸ್ಕೈರಿಮ್‌ನಲ್ಲಿ ಒಬ್ಬ ಕುಂದಾಪುರದವನು: ಗೇಮ್ ಮಾಡ್‌ಗೆ ಎಐ ದನಿ ಕೊಡೋದು ಹೇಗೆ



ಹೋದ ಸಂಚಿಕೆಯಲ್ಲಿ ನಾನು ಬರೆದಿದ್ದನ್ನ ಓದಿ ಕ್ಲಬ್ಬಿನ ಸೀನಿಯರ್ ಒಬ್ಬರು "ಇದು ಕನ್ನಡ ಲಿಪಿಯಲ್ಲಿರೋ ಇಂಗ್ಲಿಷ್" ಅಂದಿದ್ರು. ನಿಜಾನೇ. ಎಲ್‌ಕೆಜಿಯಿಂದ ಪಿಯುವರೆಗೂ ನಾನು ಇಂಗ್ಲಿಷ್ ಮೀಡಿಯಂ, ಕನ್ನಡ ನನಗೆ ಮನೆಯಲ್ಲಿ ಮಾತಾಡೋ ಭಾಷೆ, ಶಾಲೆಯಲ್ಲಿ ಪಾಸಾಗೋ ಭಾಷೆ. ಈ ಸಲವೂ ಇಂಗ್ಲಿಷ್ ಪದ ಬರುತ್ತೆ, ಯಾಕಂದ್ರೆ ವಿಷಯವೇ ಅಂಥದ್ದು. ಆದರೆ ಈ ಲೇಖನ ಬರೆಯೋಕೆ ಕಾರಣ ಆದ ಪ್ರಾಜೆಕ್ಟಿನಲ್ಲಿ ನಾನು ಕಲಿತ ಕನ್ನಡ, ಹತ್ತು ವರ್ಷ ಶಾಲೆಯಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಅನ್ಸುತ್ತೆ.

ವಿಷಯ ಇಷ್ಟು. ಸ್ಕೈರಿಮ್ ಅನ್ನೋ ಗೇಮ್‌ಗೆ ನಾವು ಆರು ಜನ ಸೇರಿ ಒಂದು ಚಿಕ್ಕ ಮಾಡ್ ಮಾಡಿದ್ವಿ. ಅದರಲ್ಲಿ ಕನ್ನಡ ಮಾತಾಡೋ ಒಂದು ಪಾತ್ರ ಇದೆ. ಆ ಪಾತ್ರದ ದನಿಯನ್ನ ಕಂಪ್ಯೂಟರಿನಲ್ಲಿ ತಯಾರು ಮಾಡಿದ್ವಿ. ಹೇಗೆ ಮಾಡಿದ್ವಿ, ಎಲ್ಲಿ ಕೈ ಸುಟ್ಟುಕೊಂಡ್ವಿ, ಎರಡನ್ನೂ ಹೇಳ್ತೀನಿ.

ಗೇಮ್ ಆಡದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಸ್ಕೈರಿಮ್ ಬಂದಿದ್ದು 2011ರ ನವೆಂಬರ್ 11ಕ್ಕೆ, ಮಾಡಿದ್ದು ಬೆಥೆಸ್ಡಾ. ಹಿಮ ಬೀಳೋ ಬೆಟ್ಟಗಳ ನಾಡು, ಅಲ್ಲಿ ನೂರಾರು ಪಾತ್ರಗಳು, ಯಾರ ಹತ್ತಿರ ಹೋದ್ರೂ ಮಾತಾಡ್ತಾರೆ. 60,000ಕ್ಕೂ ಹೆಚ್ಚು ಸಂಭಾಷಣೆಯ ಸಾಲುಗಳು, 70ಕ್ಕೂ ಹೆಚ್ಚು ಕಲಾವಿದರು. ಲೆಕ್ಕ ಹಾಕಿ ನೋಡಿ, ನೂರಾರು ಪಾತ್ರಕ್ಕೆ ಎಪ್ಪತ್ತು ಚಿಲ್ಲರೆ ಜನ. ಹಾಗಾಗಿ ಒಂದೇ ದನಿ ಹತ್ತು ಹದಿನೈದು ಪಾತ್ರಗಳಿಗೆ ಹಂಚಿಕೆ ಆಗಿದೆ. ಊರಿನ ಕಾವಲುಗಾರರೆಲ್ಲ ಒಂದೇ ಥರ, ಎಲ್ಲರೂ ಮೊಣಕಾಲಿಗೆ ಬಾಣ ತಿಂದ ಕತೆ ಹೇಳ್ತಾರೆ ಅನ್ನೋ ಹಳೇ ಜೋಕ್ ಹುಟ್ಟಿದ್ದು ಇದ್ರಿಂದಾನೇ. ಗೇಮ್ ಒಳಗೆ ಇದಕ್ಕೆ 'ವಾಯ್ಸ್ ಟೈಪ್' ಅಂತಾರೆ. ನೀವು ಹೊಸ ಪಾತ್ರ ಮಾಡಿದ್ರೆ ಅದಕ್ಕೂ ಒಂದು ವಾಯ್ಸ್ ಟೈಪ್ ಕೊಡಲೇಬೇಕು.

2012ರ ಫೆಬ್ರವರಿಯಲ್ಲಿ ಬೆಥೆಸ್ಡಾ ಕ್ರಿಯೇಷನ್ ಕಿಟ್ ಅನ್ನೋ ಟೂಲ್‌ ಅನ್ನ ಎಲ್ಲರಿಗೂ ಬಿಟ್ಟುಕೊಡ್ತು. ಅಲ್ಲಿಂದ ಜನ ಮನೆ ಕಟ್ಟಿದ್ರು, ಊರು ಕಟ್ಟಿದ್ರು, ಹೊಸ ಕತೆ ಬರೆದ್ರು. ಆದರೆ ದನಿ ಮಾತ್ರ ಕಟ್ಟೋಕೆ ಆಗ್ತಿರ್ಲಿಲ್ಲ. ಆಗ ಇದ್ದ ದಾರಿ ಮೂರು. ಪಾತ್ರ ಬಾಯಿ ಬಿಡದೆ ಬರೀ ಸಬ್‌ಟೈಟಲ್ ತೋರಿಸೋದು. ದನಿ ಇಲ್ಲದಿದ್ರೆ ಸಬ್‌ಟೈಟಲ್ ಕಣ್ಣು ಮಿಟುಕಿಸೋದ್ರೊಳಗೆ ಹೋಗಿಬಿಡುತ್ತೆ, ಅದನ್ನ ತಡೆಯೋಕೆ 'ಫಜ್ ರೋ ದೋ' ಅಂತ ಇನ್ನೊಂದು ಮಾಡ್ ಹಾಕ್ಬೇಕಿತ್ತು. ಎರಡನೇದು, ಗೇಮ್‌ನಲ್ಲಿರೋ ಹಳೇ ಸಾಲುಗಳನ್ನ ಕತ್ತರಿಸಿ ಅಂಟಿಸಿ ಹೊಸ ವಾಕ್ಯ ಮಾಡೋದು. ಪೇಪರಿನಿಂದ ಅಕ್ಷರ ಕತ್ತರಿಸಿ ಬೆದರಿಕೆ ಪತ್ರ ಮಾಡ್ತಾರಲ್ಲ, ಹಾಗೆ. ಕೇಳೋಕೂ ಹಾಗೇ ಇರುತ್ತೆ. ಮೂರನೇದು, ಹವ್ಯಾಸಿ ಕಲಾವಿದರನ್ನ ಹುಡುಕಿ ರೆಕಾರ್ಡ್ ಮಾಡಿಸೋದು. ಒಬ್ಬೊಬ್ಬರ ಮೈಕ್ ಒಂದೊಂದು ಥರ, ಒಬ್ಬರ ಹಿಂದೆ ನಾಯಿ ಬೊಗಳೋದು.

ನಾಲ್ಕನೇ ದಾರಿ ತೆರೆದದ್ದು ಎಕ್ಸ್‌ವಿಎಸಿಂಥ್ ಅನ್ನೋ ಟೂಲ್. ಗೇಮ್‌ನ ಒಂದೊಂದು ವಾಯ್ಸ್ ಟೈಪ್‌ಗೂ ಒಂದೊಂದು ಮಾಡೆಲ್. ನೀವು ಟೈಪ್ ಮಾಡಿದ್ದನ್ನ ಅದೇ ದನಿಯಲ್ಲಿ ಹೇಳುತ್ತೆ. ಅದರ ಹಳೇ ಆವೃತ್ತಿಗಳ ಒಳಗಿರೋದು ಫಾಸ್ಟ್‌ಪಿಚ್, 2020ರಲ್ಲಿ ಎನ್‌ವಿಡಿಯಾದಿಂದ ಬಂದ ಮಾಡೆಲ್. ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಮುಂದೆ ನಮ್ಮನ್ನ ಕಷ್ಟಕ್ಕೆ ಸಿಕ್ಕಿಸಿದ್ದೂ ಇದೇ, ಬಿಡಿಸಿದ್ದೂ ಇದೇ.

ಕಂಪ್ಯೂಟರ್ ಮಾತಾಡೋದು ಎರಡು ಹೆಜ್ಜೆಯಲ್ಲಿ. ಮೊದಲ ಹೆಜ್ಜೆ ಅಕ್ಷರಗಳಿಂದ ಮೆಲ್-ಸ್ಪೆಕ್ಟ್ರೋಗ್ರಾಮ್ ಅನ್ನೋ ಒಂದು ಚಿತ್ರ ಮಾಡುತ್ತೆ. ಎಡದಿಂದ ಬಲಕ್ಕೆ ಸಮಯ, ಕೆಳಗಿಂದ ಮೇಲಕ್ಕೆ ಫ್ರೀಕ್ವೆನ್ಸಿ, ಸಾಮಾನ್ಯವಾಗಿ 80 ಪಟ್ಟಿಗಳು. ಸೆಕೆಂಡಿಗೆ 22,050 ಸ್ಯಾಂಪಲ್ ಇರೋ ಆಡಿಯೋದಲ್ಲಿ 256 ಸ್ಯಾಂಪಲ್‌ಗೆ ಒಂದು ಫ್ರೇಮ್ ಅಂದ್ರೆ ಸೆಕೆಂಡಿಗೆ ಸುಮಾರು 86 ಫ್ರೇಮ್. ಎರಡನೇ ಹೆಜ್ಜೆ ವೋಕೋಡರ್. ಅದು ಈ ಚಿತ್ರ ನೋಡಿ ನಿಜವಾದ ಧ್ವನಿ ತರಂಗ ಬರೆಯುತ್ತೆ. 2016ರ ವೇವ್‌ನೆಟ್ ಒಂದೊಂದೇ ಸ್ಯಾಂಪಲ್ ಬರೀತಿತ್ತು, ಅದಕ್ಕೇ ಆಮೆ ಥರ. 2020ರ ಹೈಫೈ-ಗ್ಯಾನ್ ಒಟ್ಟಿಗೇ ಬರೆಯುತ್ತೆ, ಲ್ಯಾಪ್‌ಟಾಪಿನಲ್ಲೂ ಓಡುತ್ತೆ.

ಫಾಸ್ಟ್‌ಪಿಚ್‌ಗಿಂತ ಮುಂಚೆ ಇದ್ದ ಟ್ಯಾಕೋಟ್ರಾನ್ 2, ಒಂದು ಫ್ರೇಮ್ ಮಾಡಿ, ಅದನ್ನ ನೋಡಿ ಮುಂದಿನ ಫ್ರೇಮ್ ಮಾಡೋದು. ನಡುವೆ ದಾರಿ ತಪ್ಪಿದ್ರೆ ಅದೇ ಪದವನ್ನ ಮೂರು ಸಲ ಹೇಳೋದು, ಇಲ್ಲಾ ಪದಾನೇ ನುಂಗಿಬಿಡೋದು. ಫಾಸ್ಟ್‌ಪಿಚ್ ಹಾಗಲ್ಲ. ಅದು ಪ್ರತಿ ಅಕ್ಷರಕ್ಕೂ ಮೊದಲೇ ಎರಡು ಸಂಖ್ಯೆ ನಿರ್ಧಾರ ಮಾಡಿಬಿಡುತ್ತೆ: ಎಷ್ಟು ಹೊತ್ತು ಹೇಳ್ಬೇಕು, ಎಷ್ಟು ಎತ್ತರದ ಸ್ವರದಲ್ಲಿ ಹೇಳ್ಬೇಕು. ಆಮೇಲೆ ಇಡೀ ಚಿತ್ರ ಒಂದೇ ಸಲಕ್ಕೆ. ಆ ಎರಡು ಸಂಖ್ಯೆಗಳನ್ನ ನಾವು ಕೈಯಿಂದ ಬದಲಾಯಿಸ್ಬಹುದು. ಎಕ್ಸ್‌ವಿಎಸಿಂಥ್ ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದೊಂದು ಸ್ಲೈಡರ್ ಬರುತ್ತೆ. ಮೇಲಕ್ಕೆ ಎಳೆದ್ರೆ ಪ್ರಶ್ನೆ, ಕೆಳಕ್ಕೆ ಎಳೆದ್ರೆ ಬೇಸರ. ಹಾರ್ಮೋನಿಯಂ ನುಡಿಸಿದ ಹಾಗೆ ಮಾತು ನುಡಿಸೋದು. ಮೊದಲ ರಾತ್ರಿ ನಾನು ಮೂರು ಗಂಟೆವರೆಗೂ ಇದನ್ನೇ ಮಾಡ್ತಾ ಕೂತಿದ್ದೆ.

ನಮ್ಮ ಪಾತ್ರ ಒಬ್ಬ ಒಣಮೀನು ವ್ಯಾಪಾರಿ. ದೂರದ ಕರಾವಳಿಯಿಂದ ಹಡಗಿನಲ್ಲಿ ಬಂದು ಸಾಲಿಟ್ಯೂಡ್ ಊರಿನ ಹಡಗುಕಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಅವನ ಭಾಷೆ ಅಲ್ಲಿ ಯಾರಿಗೂ ಬರಲ್ಲ. ಆಟಗಾರ ಅವನಿಗೆ ವಾಪಸ್ ಹೋಗೋ ಹಡಗು ಹುಡುಕಿಕೊಡಬೇಕು. ಒಟ್ಟು 18 ಸಾಲು ಮಾತು.

ಮೊದಲು ಗೇಮ್‌ನ ಇಂಗ್ಲಿಷ್ ದನಿಯಿಂದಾನೇ ಕನ್ನಡ ಹೇಳಿಸೋಣ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕೊಟ್ಟೆ. "ನಮ್ಮ ಹಳ್ಳಿಗೆ ಬನ್ನಿ" ಅನ್ನೋದನ್ನ ಅದು "ನಮ್ಮ ಹಲ್ಲಿಗೆ ಬನ್ನಿ" ಅಂತು. ಇಂಗ್ಲಿಷಿನಲ್ಲಿ ಳ ಇಲ್ಲ, ಣ ಇಲ್ಲ. ತರಬೇತಿಯಲ್ಲಿ ಒಂದು ಸಲವೂ ಕೇಳದ ಶಬ್ದವನ್ನ ಅದು ಎಲ್ಲಿಂದ ತರಬೇಕು? ಮಳೆ ಹೋಗಿ ಮಲೆ ಆಯ್ತು, ಬೆಳೆ ಹೋಗಿ ಬೆಲೆ ಆಯ್ತು. ಹಿಂದಿ ಬರೋ ಇನ್ನೊಂದು ಮಾಡೆಲ್ ಹಿಡಿದೆ. ಅದಕ್ಕೆ ಣ ಬಂತು, ಆದರೆ ಪದದ ಕೊನೆಯ 'ಅ' ತಿಂದುಹಾಕ್ತು. ಹಿಂದಿಯಲ್ಲಿ ಬರೆಯೋದು ರಾಮ, ಹೇಳೋದು ರಾಮ್. ಕನ್ನಡದಲ್ಲಿ ಬರೆದಿದ್ದನ್ನ ಪೂರ್ತಿ ಹೇಳ್ತೀವಿ. ನಮ್ಮ ವ್ಯಾಪಾರಿ "ಸಮುದ್ರ್" "ನಮಸ್ಕಾರ್" ಅಂತ ಶುರು ಮಾಡಿದಾಗ ತಂಡದಲ್ಲಿದ್ದ ಹುಬ್ಬಳ್ಳಿ ಹುಡುಗಿ ಬಿದ್ದು ಬಿದ್ದು ನಕ್ಕಳು.

ನನಗೆ ಎಲ್ಲಕ್ಕಿಂತ ಇಷ್ಟವಾದ ತಪ್ಪು ಅಂದ್ರೆ ಕತೆ ಮತ್ತು ಕತ್ತೆ. "ನನ್ನ ಕತೆ ಕೇಳು" ಅಂತ ಒಂದು ಸಾಲು ಇತ್ತು. ತ ಅಕ್ಷರದ ಸ್ಲೈಡರ್‌ ಅನ್ನ ಸ್ವಲ್ಪ ಉದ್ದ ಎಳೆದೆ ಅಷ್ಟೇ, "ನನ್ನ ಕತ್ತೆ ಕೇಳು" ಆಯ್ತು. ಒತ್ತಕ್ಷರ ಅಂದ್ರೆ ಏನು ಅಂತ ಶಾಲೆಯಲ್ಲಿ ಸಜಾತಿ, ವಿಜಾತಿ ಅಂತೆಲ್ಲ ಬಾಯಿಪಾಠ ಮಾಡಿದ್ದೆ. ಅದು ನಾಲಿಗೆ ಹಲ್ಲಿನ ಹಿಂದೆ ಒಂದು ಕ್ಷಣ ಹೆಚ್ಚು ನಿಲ್ಲೋದು, ಕತೆಗೂ ಕತ್ತೆಗೂ ನಡುವೆ ಇರೋದು ಸೆಕೆಂಡಿನ ಹತ್ತನೇ ಒಂದು ಭಾಗದಂಥ ಒಂದು ಚೂರು ಮೌನ ಅಂತ ನನಗೆ ಗೊತ್ತಾಗಿದ್ದು ಆ ಸ್ಲೈಡರ್ ಮುಂದೆ. ಕಲ್ಲು-ಕಾಲು, ಇದೂ ಅದೇ ಆಟ. ನಮ್ಮ ಭಾಷೆಯಲ್ಲಿ ಹೊತ್ತು ಅನ್ನೋದೂ ಒಂದು ಅಕ್ಷರ.

ಕೊನೆಗೆ ಕನ್ನಡದ್ದೇ ಮಾಡೆಲ್ ಹುಡುಕಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 13 ಭಾರತೀಯ ಭಾಷೆಗಳಿಗೆ ಫಾಸ್ಟ್‌ಪಿಚ್ ಮತ್ತು ಹೈಫೈ-ಗ್ಯಾನ್ ಮಾಡೆಲ್‌ಗಳನ್ನ ಉಚಿತವಾಗಿ ಬಿಟ್ಟಿದೆ, ಅದರಲ್ಲಿ ಕನ್ನಡವೂ ಇದೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯ ಸಿಸ್ಪಿನ್ ಯೋಜನೆಯಲ್ಲಿ ಒಂಬತ್ತು ಭಾಷೆಗಳ ಧ್ವನಿ ಸಂಗ್ರಹ ಇದೆ, ಅಲ್ಲೂ ಕನ್ನಡ ಇದೆ. ಇವುಗಳಲ್ಲಿ ಳ, ಣ, ಒತ್ತು, ದೀರ್ಘ ಎಲ್ಲ ಸರಿ. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಸುಲಭವೂ ಹೌದು, ಯಾಕಂದ್ರೆ ಬರೆದ ಹಾಗೇ ಹೆಚ್ಚುಕಡಿಮೆ ಓದೋದು. ಇಂಗ್ಲಿಷಿನ ಹಾಗೆ ಒಂದೇ ಸ್ಪೆಲ್ಲಿಂಗಿಗೆ ನಾಲ್ಕು ಉಚ್ಚಾರ ಇಲ್ಲ.

ಆದ್ರೂ ನಮ್ಮ ಮೀನು ವ್ಯಾಪಾರಿ ದೂರದರ್ಶನ ವಾರ್ತೆ ಓದ್ತಿದ್ದ. "ತಾವು ಎಲ್ಲಿಗೆ ಹೋಗುತ್ತಿದ್ದೀರಿ?" ಅಂತ ಹಿಮದಲ್ಲಿ ನಡುಗ್ತಾ ಯಾರು ಕೇಳ್ತಾರೆ? ತಪ್ಪು ಅರ್ಧ ನನ್ನದು, ನಾನು ಬರೆದಿದ್ದೇ ಹಾಗೆ. ನನಗೆ ಬರೆಯೋ ಕನ್ನಡ ಅಂದ್ರೆ ಪಠ್ಯಪುಸ್ತಕದ ಕನ್ನಡ ಮಾತ್ರ ಗೊತ್ತಿತ್ತು. ಇನ್ನರ್ಧ ತಪ್ಪು ಡೇಟಾದ್ದು. ಇಂಥ ಸಂಗ್ರಹಗಳಲ್ಲಿ ಹೆಚ್ಚಿನದು ಸ್ಟುಡಿಯೋದಲ್ಲಿ ಕೂತು ಸ್ಪಷ್ಟವಾಗಿ ಓದಿದ ವಾಕ್ಯಗಳು. ಅಲ್ಲಿ ಯಾರೂ ಮೀನಿಗೆ ಚೌಕಾಸಿ ಮಾಡಲ್ಲ.

ಇಲ್ಲಿ ನನ್ನ ರೂಮ್‌ಮೇಟ್ ಬರ್ತಾನೆ. ಹಾಸ್ಟೆಲ್ಲಿನಲ್ಲಿ ಅವನನ್ನ ಎಲ್ಲರೂ 'ಕುಂದಾಪ್ರ' ಅಂತಾನೇ ಕರೆಯೋದು. ಊರಲ್ಲಿ ತಾಳಮದ್ದಳೆಗೆ ಕೂರ್ತಾನೆ, ಅರ್ಥ ಹೇಳ್ತಾನೆ. ತಾಳಮದ್ದಳೆ ಗೊತ್ತಿಲ್ಲದೇ ಇರೋ ನನ್ನಂಥ ಬೆಂಗಳೂರಿನವರಿಗೆ: ಅದು ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡ್ತಾರೆ, ಪಾತ್ರಧಾರಿಗಳು ಕೂತಲ್ಲೇ ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ವಾದ ಮಾಡ್ತಾರೆ. ಬರೀ ದನಿಯಿಂದ ಪಾತ್ರ ಕಟ್ಟೋ ಕಲೆ. ನಮಗೆ ಇದಕ್ಕಿಂತ ಏನು ಬೇಕಿತ್ತು?

ಕೇಳಿದ ತಕ್ಷಣ ಒಪ್ಪಿಕೊಂಡ. ನಾನು ಕೇಳಿದ್ದು ಏನು ಅಂತ ಈಗ ನೆನಪು ಮಾಡ್ಕೊಂಡ್ರೆ, "ಮಗಾ, ನಿನ್ನ ವಾಯ್ಸ್ ಬೇಕು ಮಾಡ್‌ಗೆ" ಅಂತ. ಅಷ್ಟೇ. ವಾಯ್ಸ್ ಬೇಕು ಅಂದ್ರೆ ಹದಿನೆಂಟು ಸಾಲು ಹೇಳೋದು ಅಂತ ಅವನು ತಿಳ್ಕೊಂಡಿರ್ಬಹುದು. ನನ್ನ ತಲೆಯಲ್ಲಿದ್ದದ್ದು ಮಾಡೆಲ್. ಹದಿನೆಂಟು ಸಾಲಿಗೆ ಮಾಡೆಲ್ ಯಾಕೆ ಅಂತ ಆವತ್ತು ಯಾರೂ ಕೇಳ್ಲಿಲ್ಲ. ನಾನಂತೂ ಕೇಳ್ಕೊಳ್ಳಲಿಲ್ಲ. ಮುಂದೆ ಮಾತು ಸೇರಿಸ್ಬೇಕಾದ್ರೆ ಅವನನ್ನ ಎಬ್ಬಿಸೋದು ಬೇಡ ಅಲ್ವಾ ಅಂತ ಒಂದು ನೆಪ ಇತ್ತು. ನಿಜ ಹೇಳ್ಬೇಕಂದ್ರೆ ಮಾಡೆಲ್ ಟ್ರೈನ್ ಮಾಡೋ ಆಸೆ ಇತ್ತು.

ರೆಕಾರ್ಡಿಂಗ್ ಬಗ್ಗೆ ಮಾಡೋರಿಗೆ ಉಪಯೋಗ ಆಗೋ ಒಂದೆರಡು ಮಾತು. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ, ಗೋಡೆಗೆ ಎರಡು ರಗ್ಗು ನೇತುಹಾಕಿ ಕಾಲರ್ ಮೈಕಿನಲ್ಲಿ 320 ವಾಕ್ಯ ರೆಕಾರ್ಡ್ ಮಾಡಿದ್ವಿ, ಒಟ್ಟು 38 ನಿಮಿಷ. ವಾಕ್ಯಗಳಲ್ಲಿ ಎಲ್ಲ ಅಕ್ಷರವೂ ಬರ್ಬೇಕು. ಘ, ಝ, ಢ ಬರೋ ಆಡುಮಾತು ಹುಡುಕೋದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ಮೊದಲ ಸಲ ಅವನು ಪುಸ್ತಕ ಓದಿದ ಹಾಗೆ ಓದಿದ, ಮಾಡೆಲ್ಲೂ ಪುಸ್ತಕ ಓದ್ತು. ಎರಡನೇ ಸಲ "ಓದಬೇಡ, ಅರ್ಥ ಹೇಳು" ಅಂದೆ. ಕಾಗದ ಕೆಳಗಿಟ್ಟ. "ಹಾಂಗಾರೆ ಎದುರು ಯಾರಾದ್ರೂ ಬೇಕಲ್ದಾ ಮಾರಾಯ" ಅಂತ ನನ್ನನ್ನ ಎದುರು ಕೂರಿಸಿಕೊಂಡು ಹೇಳ್ದ. ಎರಡೂವರೆ ಗಂಟೆ ಹಿಡೀತು. ಆಮೇಲೆ ಅವನು ಹೇಳಿದ್ದನ್ನ ಹೇಳಿದ ಹಾಗೇ ಬರೆದುಕೊಳ್ಳಬೇಕು, ವ್ಯಾಕರಣ ತಿದ್ದಬಾರದು. "ಬತ್ತೆ" ಅಂದಿದ್ದನ್ನ ನಾನು "ಬರುತ್ತೇನೆ" ಅಂತ ಬರೆದ್ರೆ ಮಾಡೆಲ್ ತಲೆ ಕೆಡುತ್ತೆ.

ಕೋಲ್ಯಾಬಿನ ಉಚಿತ ಜಿಪಿಯು ಮೇಲೆ ಎಐ4ಭಾರತ್ ಮಾಡೆಲ್ಲಿಗೆ ಈ 38 ನಿಮಿಷ ಕಲಿಸಿದೆ. ಮೂರು ವಾರ ಹೋಯ್ತು, ಹೆಚ್ಚಿನದು ನನ್ನ ತಪ್ಪುಗಳಿಗೆ. ಒಂದು ರಾತ್ರಿ ಹೆಡ್‌ಫೋನಿನಲ್ಲಿ ಅವನ ದನಿ ಅವನು ಯಾವತ್ತೂ ಹೇಳದ ವಾಕ್ಯ ಹೇಳ್ತು. ಅವನು ಪಕ್ಕದ ಮಂಚದಲ್ಲಿ ನಿದ್ದೆ ಮಾಡ್ತಿದ್ದ. ಆ ಖುಷಿ ನನಗೆ ಸುಳ್ಳು ಅಂತ ಹೇಳೋಕಾಗಲ್ಲ.

ಗೇಮ್ ಒಳಗೆ ಸೇರಿಸೋ ಕೆಲಸ ಬೇಗ ಹೇಳಿಬಿಡ್ತೀನಿ. ಕ್ರಿಯೇಷನ್ ಕಿಟ್‌ನಲ್ಲಿ ಕ್ವೆಸ್ಟ್ ಮಾಡಿ, ಅದರೊಳಗೆ ಟಾಪಿಕ್, ಅದರೊಳಗೆ ಸಾಲು. ಪ್ರತಿ ಸಾಲಿಗೂ ಕಿಟ್ ಒಂದು ಉದ್ದದ ಫೈಲ್ ಹೆಸರು ಕೊಡುತ್ತೆ, ನಿಮ್ಮ ಆಡಿಯೋಗೆ ಅದೇ ಹೆಸರಿಡಬೇಕು. ಸೌಂಡ್ ಫೋಲ್ಡರಿನಲ್ಲಿ ವಾಯ್ಸ್, ಅದರಲ್ಲಿ ನಿಮ್ಮ ಮಾಡ್ ಹೆಸರು, ಅದರಲ್ಲಿ ವಾಯ್ಸ್ ಟೈಪ್ ಹೆಸರು, ಅಲ್ಲಿ ಫೈಲ್. ಒಂದು ಅಕ್ಷರ ತಪ್ಪಿದ್ರೂ ಪಾತ್ರ ಮೂಕ, ಎರರ್ ಕೂಡ ಬರಲ್ಲ. ಆಡಿಯೋ ಮಾನೋ, 16 ಬಿಟ್, 44,100 ಹರ್ಟ್ಸ್ ಇರಲಿ. ನಮ್ಮ ಮಾಡೆಲ್ ಕೊಡೋದು 22,050, ಎಫ್‌ಎಫ್‌ಎಂಪೆಗ್‌ನಲ್ಲಿ ಬದಲಾಯಿಸಿದೆ. ತುಟಿ ಅಲುಗಾಡೋಕೆ ಲಿಪ್ ಫೈಲ್ ಬೇಕು, ಧ್ವನಿ ಮತ್ತು ಲಿಪ್ ಎರಡನ್ನೂ ಸೇರಿಸಿ ಪ್ಯಾಕ್ ಮಾಡಿದ್ದೇ ಫಜ್ ಫೈಲ್. ಲಿಪ್ ಮಾಡೋ ಟೂಲ್‌ಗೆ ಕನ್ನಡ ಬರಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟೆ, ಬಾಯಿ ಸುಮಾರಾಗಿ ಆಡ್ತು. ಕನ್ನಡ ಸಬ್‌ಟೈಟಲ್ ಮಾತ್ರ ಸೋತೆ, ಬರೀ ಚೌಕ ಚೌಕ ಬಂತು. ಯಾರಾದ್ರೂ ಜೂನಿಯರ್ ಇದನ್ನ ಕೈಗೆತ್ತಿಕೊಂಡ್ರೆ ನನ್ನನ್ನ ಕಾಣಿ.

ಈಗ ಇನ್ನೊಂದು ಭಾಗ.

ದನಿ ಯಾರದ್ದು ಅನ್ನೋ ಜಗಳ ನನಗೆ ಗೊತ್ತಿರ್ಲಿಲ್ಲ ಅಂತಲ್ಲ. 2021ರಲ್ಲಿ ದಿ ವಿಚರ್ 3 ಗೇಮ್‌ಗೆ 'ಎ ನೈಟ್ ಟು ರಿಮೆಂಬರ್' ಅನ್ನೋ ಮಾಡ್ ಬಂತು. ಅದರಲ್ಲಿ ನಾಯಕ ಗೆರಾಲ್ಟ್ ಹೊಸ ಮಾತುಗಳನ್ನ ಆಡ್ತಾನೆ. ಆದರೆ ಆ ಪಾತ್ರಕ್ಕೆ ದನಿ ಕೊಟ್ಟ ಡಗ್ ಕಾಕಲ್ ಅವನ್ನ ಹೇಳೇ ಇರ್ಲಿಲ್ಲ, ಸೈಬರ್‌ವಾಯ್ಸ್ ಅನ್ನೋ ಸಾಫ್ಟ್‌ವೇರ್ ಹೇಳಿತ್ತು. ಆಗಲೇ ದನಿ ಕಲಾವಿದರು ಇದು ನಮ್ಮ ಹೊಟ್ಟೆಪಾಡು ಅಂತ ಆಕ್ಷೇಪ ಎತ್ತಿದ್ರು. 2023ರ ಜುಲೈನಲ್ಲಿ ಸ್ಕೈರಿಮ್‌ನದ್ದೇ ಗಲಾಟೆ ಆಯ್ತು: ಕಲಾವಿದರ ದನಿಯನ್ನ ಅವರಿಗೆ ಗೊತ್ತಿಲ್ಲದೆ ಅಶ್ಲೀಲ ಮಾಡ್‌ಗಳಿಗೆ ಬಳಸಿದ್ರು. ನೆಕ್ಸಸ್ ಮಾಡ್ಸ್ ಎಐ ದನಿಯನ್ನ ನಿಷೇಧ ಮಾಡ್ಲಿಲ್ಲ, ಸಂಬಂಧಪಟ್ಟ ಕಲಾವಿದರು ದೂರು ಕೊಟ್ರೆ ತೆಗೀತೀವಿ ಅಂತು. ಅಂದ್ರೆ ನೋಡ್ಕೊಳ್ಳೋ ಜವಾಬ್ದಾರಿ ದನಿ ಕಳ್ಕೊಂಡವರದ್ದೇ. 2024ರ ಜುಲೈ 26ರಿಂದ ಅಮೆರಿಕದಲ್ಲಿ ಸ್ಯಾಗ್-ಆಫ್ಟ್ರಾ ಸಂಘದ ಗೇಮ್ ಕಲಾವಿದರು ಮುಷ್ಕರ ಹೂಡಿದ್ರು, ಮುಖ್ಯ ತಕರಾರು ಎಐ. ಸುಮಾರು ಒಂದು ವರ್ಷ ನಡೀತು. ಅದೇ ತಿಂಗಳು ಇಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಪರವಾಗಿ ಮಧ್ಯಂತರ ಆದೇಶ ಕೊಟ್ಟು, ಅವರ ದನಿ ನಕಲು ಮಾಡೋ ಟೂಲ್‌ಗಳನ್ನ ತಡೀತು.

ಸರಿಯಾಗಿ ಮಾಡಿದವರೂ ಇದ್ದಾರೆ. ಸೈಬರ್‌ಪಂಕ್ 2077ರ ಪೋಲಿಷ್ ಆವೃತ್ತಿಯಲ್ಲಿ ಒಂದು ಪಾತ್ರಕ್ಕೆ ದನಿ ಕೊಟ್ಟಿದ್ದ ಮಿವೋಗೋಸ್ಟ್ ರೆಚೆಕ್ 2021ರಲ್ಲಿ ತೀರಿಹೋದ್ರು. 2023ರ ಮುಂದುವರಿದ ಭಾಗಕ್ಕೆ ಕಂಪನಿ ಅವರ ಮಕ್ಕಳ ಒಪ್ಪಿಗೆ ಪಡೆದು, ಬೇರೆ ಕಲಾವಿದರಿಂದ ಅಭಿನಯ ಮಾಡಿಸಿ, ಆ ದನಿಯನ್ನ ರೆಚೆಕ್ ಅವರ ದನಿಗೆ ಪರಿವರ್ತನೆ ಮಾಡ್ತು. 2024ರಲ್ಲಿ ಎ. ಆರ್. ರೆಹಮಾನ್ 'ಲಾಲ್ ಸಲಾಂ' ಚಿತ್ರದ ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದಾಗಲೂ ಕುಟುಂಬದವರನ್ನ ಕೇಳಿ, ಸಂಭಾವನೆ ಕೊಟ್ಟಿದ್ರು. ಎಸ್‌ಪಿಬಿ ಅವರ ದನಿಯನ್ನ ಕೇಳದೆ ಒಂದು ತೆಲುಗು ಸಿನಿಮಾದಲ್ಲಿ ಬಳಸಿದ್ದಾರೆ ಅಂತ ಅದೇ ವರ್ಷ ಅವರ ಮಗ ನೋಟಿಸ್ ಕಳಿಸಿದ್ರು.

ಇದನ್ನೆಲ್ಲ ನಾನು ಓದಿದ್ದೆ. ಇವೆಲ್ಲ ದೊಡ್ಡವರ ವಿಷಯ ಅಂದುಕೊಂಡಿದ್ದೆ.

ಮಾಡೆಲ್ ಫೈಲು, ಕೋಲ್ಯಾಬ್ ನೋಟ್‌ಬುಕ್ಕು ಎರಡನ್ನೂ ನಾನು ಡ್ರೈವಿನಲ್ಲಿ ಇಟ್ಟು, ಲಿಂಕ್ ಇರೋರೆಲ್ಲ ನೋಡ್ಬಹುದು ಅಂತ ಸೆಟ್ಟಿಂಗ್ ಹಾಕಿದ್ದೆ. ತಂಡದವರಿಗೆ ಅನುಕೂಲ ಆಗ್ಲಿ ಅಂತ ಒಂದು ಟೆಕ್ಸ್ಟ್ ಬಾಕ್ಸ್ ಬೇರೆ ಮಾಡಿಟ್ಟಿದ್ದೆ. ಬರೆಯೋದು, ಒತ್ತೋದು, ಕುಂದಾಪ್ರ ಮಾತಾಡ್ತಾನೆ. ಆ ಲಿಂಕ್ ತಂಡದ ಗ್ರೂಪಿನಿಂದ ಎಲ್ಲೆಲ್ಲಿ ಹೋಯ್ತೋ ಗೊತ್ತಿಲ್ಲ. ಇಂಟರ್ನಲ್ಸ್ ಮುಗಿದ ವಾರ ಕ್ಲಾಸಿನ ಗ್ರೂಪಿಗೆ 14 ಸೆಕೆಂಡಿನ ಒಂದು ಆಡಿಯೋ ಬಂತು. ಅವನ ದನಿ. ಒಬ್ಬ ಲೆಕ್ಚರರ್ ಮಾರ್ಕ್ಸ್ ಹಾಕೋ ರೀತಿಯ ಬಗ್ಗೆ, ಇಲ್ಲಿ ಬರೆಯೋಕಾಗದ ಮಾತು. ಮಧ್ಯಾಹ್ನದೊಳಗೆ ಅವನನ್ನ ಕರೆಸಿದ್ರು. ಸಂಜೆ ಅವನ ಅಪ್ಪನಿಗೆ ಫೋನ್ ಹೋಯ್ತು.

ನಾನು ಹೋಗಿ ಆ ಮಾಡೆಲ್ ನನ್ನದು ಅಂತ ಒಪ್ಪಿಕೊಂಡೆ. ಅದನ್ನ ಧೈರ್ಯ ಅಂತ ಬರೆಯಲ್ಲ, ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದ ಮೇಲೆ ಹೋಗಿದ್ದು. ಆದರೆ ಒಪ್ಪಿಕೊಂಡ್ರೆ ಸಾಕಾಗಲ್ಲ. "ಗೆಳೆಯನನ್ನ ಉಳಿಸೋಕೆ ಹೇಳ್ತಿದೀಯ" ಅಂದ್ರು. ಆ ಆಡಿಯೋದಲ್ಲಿ ಎರಡು ಸಲ "ಮಗಾ" ಅಂತ ಇದೆ, ಇವನು ಜನ್ಮದಲ್ಲಿ ಮಗಾ ಅನ್ನಲ್ಲ, ಮಾರಾಯ ಅಂತಾನೆ ಅಂದೆ. ಅದು ನಮಗೆ ಸಾಕ್ಷಿ, ಅವರಿಗಲ್ಲ. ಉಸಿರು ಇಲ್ಲ ನೋಡಿ, 14 ಸೆಕೆಂಡ್ ಒಂದು ಸಲವೂ ಉಸಿರು ತಗೊಂಡಿಲ್ಲ ಅಂದೆ. ಅದಕ್ಕೂ ತಲೆ ಆಡಿಸ್ಲಿಲ್ಲ.

ಆಮೇಲೆ ಹೊಳೀತು. ಫಾಸ್ಟ್‌ಪಿಚ್‌ನಲ್ಲಿ ಪಗಡೆ ಎಸೆಯೋದು ಇಲ್ಲ. ಅದೇ ಮಾಡೆಲ್ಲಿಗೆ ಅದೇ ಅಕ್ಷರ ಕೊಟ್ರೆ ಪ್ರತಿ ಅಕ್ಷರದ ಹೊತ್ತು, ಸ್ವರ ಅದೇ ಬರುತ್ತೆ, ಇವತ್ತು ಕೊಟ್ರೂ ನಾಳೆ ಕೊಟ್ರೂ. ಮನುಷ್ಯ ಒಂದು ವಾಕ್ಯವನ್ನ ಎರಡು ಸಲ ಒಂದೇ ಥರ ಹೇಳೋಕೆ ಆಗೋದೇ ಇಲ್ಲ. ಅವರ ಮುಂದೆ ಲ್ಯಾಪ್‌ಟಾಪ್ ಇಟ್ಟು, ಆ ಆಡಿಯೋ ಕೇಳ್ತಾ ಅಕ್ಷರ ಅಕ್ಷರ ಟೈಪ್ ಮಾಡಿದೆ. ಮೊದಲ ಸಲ ಹೊಂದಲಿಲ್ಲ, ಬೆವರು ಬಂತು. ಒಂದು ಕಡೆ ಅಲ್ಪವಿರಾಮ ಬಿಟ್ಟಿದ್ದೆ. ಹಾಕಿದೆ. ಆಡಾಸಿಟಿಯಲ್ಲಿ ಎರಡು ತರಂಗ ಒಂದರ ಕೆಳಗೊಂದು ಇಟ್ಟಾಗ ಪ್ರತಿ ಏರು, ಪ್ರತಿ ಇಳಿತ, ಪ್ರತಿ ಒತ್ತಿನ ಮೌನ ಒಂದೇ ಗೆರೆಯಲ್ಲಿ ಬಂತು. ವಾಟ್ಸಾಪ್ ಒತ್ತಿ ಕುಗ್ಗಿಸಿದ್ರಿಂದ ಸ್ಯಾಂಪಲ್‌ಗೆ ಸ್ಯಾಂಪಲ್ ಸಮ ಇರ್ಲಿಲ್ಲ, ಆದರೆ ಹೊತ್ತು ಎಲ್ಲೂ ಜಾರಿರ್ಲಿಲ್ಲ. ಆಮೇಲೆ ಅವನಿಗೆ ಅದೇ ವಾಕ್ಯ ಎರಡು ಸಲ ಓದಿಸಿದ್ರು. ಎರಡೂ ಬೇರೆ ಬೇರೆ ಕಡೆ ಜಾರಿತ್ತು. ಅವನನ್ನ ಬಿಟ್ರು. ನನಗೆ ಎಚ್ಚರಿಕೆ ಪತ್ರ. ಅದನ್ನ ಕಳಿಸಿದ್ದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಫಾಸ್ಟ್‌ಪಿಚ್ ಬದಲು ಈಗಿನ ಹೊಸ ಮಾಡೆಲ್‌ಗಳನ್ನ ಬಳಸಿದ್ರೆ ಈ ಸಾಕ್ಷಿ ಸಿಗ್ತಿರ್ಲಿಲ್ಲ ಅನ್ನೋದನ್ನೂ ಹೇಳ್ಬೇಕು. ಅವುಗಳಲ್ಲಿ ಹೆಚ್ಚಿನವು ಪ್ರತಿ ಸಲ ಸ್ವಲ್ಪ ಬೇರೆ ಥರ ಹೇಳ್ತಾವೆ, ಉಸಿರೂ ತಗೊಳ್ತಾವೆ.

ಎರಡು ವಾರ ಅವನು ನನ್ನ ಹತ್ತಿರ ಮಾತಾಡ್ಲಿಲ್ಲ. ಒಂದೇ ರೂಮು, ಎರಡು ಮಂಚ. ದಿನಾ ಹೆಡ್‌ಫೋನಿನಲ್ಲಿ ಕೇಳಿ ಕೇಳಿ ನನಗೆ ಅವನ ದನಿಯ ಒಂದೊಂದು ಅಕ್ಷರವೂ ಗೊತ್ತಿತ್ತು, ಎದುರಿಗೆ ಕೂತವನು ಮಾತ್ರ ಮೌನ. ಕೊನೆಗೆ ಒಂದು ರಾತ್ರಿ ಕೇಳ್ದ, "ಅಲ್ಲ ಮಾರಾಯ, ಹದಿನೆಂಟು ಸಾಲಿಗೆ ನನ್ನ ಇಡೀ ಸ್ವರ ಎಂತಕ್ಕೆ ಬೇಕಿತ್ತು ನಿಂಗೆ?" ನನ್ನ ಹತ್ತಿರ ಉತ್ತರ ಇರ್ಲಿಲ್ಲ. ಅವನು ಪಕ್ಕದಲ್ಲಿ ನಿಂತು ನೋಡ್ತಾ ಇರೋವಾಗ ಮಾಡೆಲ್, ಚೆಕ್‌ಪಾಯಿಂಟ್, 320 ರೆಕಾರ್ಡಿಂಗ್, ಕಸದಬುಟ್ಟಿ ಎಲ್ಲ ಖಾಲಿ ಮಾಡಿದೆ. ಬೇರೆಯವರು ಇಳಿಸಿಕೊಂಡಿರೋ ಪ್ರತಿ ಇದ್ರೆ ಅದನ್ನ ನಾನು ಅಳಿಸೋಕಾಗಲ್ಲ ಅಂತಲೂ ಹೇಳಿದೆ. "ಗೊತ್ತುಂಟು" ಅಂದ.

ಆಮೇಲೆ ನಾವಿಬ್ರೂ ಕೂತು ಒಂದು ಕಾಗದ ಬರೆದ್ವಿ, ಈಗ ನಮ್ಮ ಮಾಡ್ ತಂಡದಲ್ಲಿ ಯಾರ ದನಿ ತಗೊಂಡ್ರೂ ಅದಕ್ಕೆ ಸಹಿ ಹಾಕಿಸ್ತೀವಿ. ಯಾವ ಸಾಲುಗಳಿಗೆ ಅಂತ ಸಾಲುಗಳನ್ನೇ ಬರೆದಿರ್ಬೇಕು, ಹೊಸ ಸಾಲು ಸೇರಿಸಿದ್ರೆ ಮತ್ತೆ ಕೇಳ್ಬೇಕು, ಮಾಡೆಲ್ ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ, ಮಾಡ್ ಜೊತೆ ಹೋಗೋದು ಆಡಿಯೋ ಅಷ್ಟೇ, ದನಿಯವರು ಬೇಡ ಅಂದ ದಿನ ಅಳಿಸ್ಬೇಕು, ಅಳಿಸೋದನ್ನ ಅವರು ನೋಡ್ಬೇಕು. ಕೊನೆಯದು ಅವನು ಸೇರಿಸಿದ್ದು: ಹದಿನೆಂಟು ಸಾಲಷ್ಟೇ ಇದ್ರೆ ಬಾಯಲ್ಲಿ ಹೇಳಿಸ್ಕೊಳ್ಳಿ.

ಹಾಗಾಗಿ ಈಗ ಮಾಡ್‌ನಲ್ಲಿ ಇರೋದು ಅವನೇ ಕೂತು ಹೇಳಿದ್ದು. ರಗ್ಗು ನೇತುಹಾಕಿ, ಫ್ಯಾನ್ ಆಫ್ ಮಾಡಿ, ನಾನು ಎದುರು ಕೂತು. ಇಪ್ಪತ್ತು ನಿಮಿಷದಲ್ಲಿ ಮುಗೀತು. ಹದಿಮೂರನೇ ಸಾಲಿನಲ್ಲಿ ವ್ಯಾಪಾರಿ ತನ್ನ ಊರಿನ ಮಳೆಯ ಬಗ್ಗೆ ಹೇಳೋವಾಗ ಹಿಂದೆ ಸಣ್ಣಗೆ ಒಂದು ಗಂಟೆ ಕೇಳ್ಸುತ್ತೆ. ಹಡಗುಕಟ್ಟೆಯ ಗಂಟೆ ಇರ್ಬೇಕು ಅಂತ ಆಡಿದವರು ಅಂದುಕೊಂಡಿದ್ದಾರೆ. ಅದು ನಮ್ಮ ಮೆಸ್ಸಿನದ್ದು, ರಾತ್ರಿ ಎಂಟಕ್ಕೆ ಹೊಡೆಯೋದು. ಎಡಿಟ್ ಮಾಡಿ ತೆಗೀಬಹುದಿತ್ತು. "ಇರ್ಲಿ ಬಿಡು, ಊಟಕ್ಕೆ ಹೋಪ" ಅಂದ.